ಎಲ್ಲ ಇದ್ದ ಮನೆಗೆ ಮಾಮಾನ ಆಯೇರ

ನಮ್ಮ ಮಾಮಾನನ್ನು ಮದುವೆಗೆ ಕರೆಯುವುದೂ ಒಂದೇ, ಜಪ್ತಿಯವರನ್ನು ಮನೆಗೆ ಕರೆಯುವುದೂ ಒಂದೇ! ಹೀಗೆಂದರೆ ಜಪ್ತಿಯವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಅವರಾದರೂ ಪಡಸಾಲೆಯಲ್ಲಿ ನಿಂತು, ಯಜಮಾನನನ್ನು ಕರೆದು, ಕಾಗದ ತೋರಿಸಿ ಆಮೇಲೆ ಒಳಗೆ ಕಾಲಿಡುತ್ತಾರೆ. ಮಾಮಾ ಚಪ್ಪಲಿ ಬಿಟ್ಟವನೇ ನೇರ ಅಡುಗೆಮನೆಗೆ ಹೋಗುತ್ತಿದ್ದ. ಅಲ್ಲಿಂದ ಅಟ್ಟ, ಅಟ್ಟದಿಂದ ಬಚ್ಚಲು, ಬಚ್ಚಲಿನಿಂದ ಹಿತ್ತಿಲು. ಅಷ್ಟು ಮುಗಿಸಿದ ಮೇಲೆ ಪಡಸಾಲೆಗೆ ಬಂದು, "ಹೆಂಗದೀರಿ, ಎಲ್ಲಾರೂ ಆರಾಮ?" ಎಂದು ಕೇಳುತ್ತಿದ್ದ.

ಮಾಮಾ ಎಂದರೆ ನನ್ನ ಅವ್ವನ ಅಣ್ಣ. ಮನೆ ಬೆಟಗೇರಿಯಲ್ಲಿ, ಕೆಲಸ ಗದಗಿನ ಒಂದು ಹತ್ತಿ ಜಿನ್ನಿನಲ್ಲಿ ಗುಮಾಸ್ತಿಕೆ. ಅಪ್ಪ ತೀರಿಕೊಂಡಾಗ ನಾನಿನ್ನೂ ಸೀರೆಗೆ ಬಾರದ, ಪರಕಾರ ಉಡುವ ಹುಡುಗಿ. ನನ್ನನ್ನೂ ಅವ್ವನನ್ನೂ ತನ್ನ ಮನೆಗೆ ಕರೆತಂದು, ನನ್ನನ್ನು ಓದಿಸಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು ಆಗುವ ತನಕ ಬೆನ್ನು ಬಿಡದವನು ಅವನೇ. ಇಂಥ ಮನುಷ್ಯನ ಬಗ್ಗೆ ನಗಬಹುದೇ ಅಂತ ಕೇಳುತ್ತೀರಾ? ನಗಲೇಬೇಕು. ನಗದಿದ್ದರೆ ಅವನಿಗೇ ಬೇಜಾರಾಗುತ್ತಿತ್ತು.

ಮಾಮಾನ ಹುಚ್ಚು ಇಷ್ಟೇ. ಮದುವೆಗೆ ಎಲ್ಲರೂ ಮಾಡುವ ಆಯೇರ ಅವನಿಗೆ ಆಗಿಬರುತ್ತಿರಲಿಲ್ಲ. ನಮ್ಮ ಕಡೆ ಅಕ್ಕಿಕಾಳು ಬಿದ್ದ ಮೇಲೆ ಆಯೇರ ಶುರು. ಗಟ್ಟಿ ಗಂಟಲಿನವನೊಬ್ಬ ಮಂಟಪದ ಪಕ್ಕ ನಿಂತು, ಯಾರು ಏನು ಕೊಟ್ಟರೆಂದು ಹಂದರದ ಕೊನೆಗೂ ಕೇಳುವಂತೆ ಕೂಗಬೇಕು. "ಇಂಥವರಿಂದ ಮದಿಮಗಳಿಗೆ ಒಂದು ಹಿತ್ತಾಳಿ ಕೊಡಾ, ಇಂಥವರಿಂದ ಮದಿಮಗಗ ಒಂದು ರುಮಾಲ" ಅಂತ. ಕೊಡ, ತಂಬಿಗೆ, ಗಂಗಾಳ, ಮತ್ತೆ ಕೊಡ. ಹೊಸದಾಗಿ ಬೇರೆ ಒಲೆ ಹೂಡುವವರಿಗೆ ಇದೆಲ್ಲ ಬೇಕು, ನಿಜ. ಆದರೆ ಮೂರು ತಲೆಮಾರಿನಿಂದ ನಡೆದ ಮನೆಗೂ ಇದನ್ನೇ ಕೊಟ್ಟರೆ? ಅವು ನೇರ ಅಟ್ಟ ಹತ್ತಿ ಜೇಡರ ಜೊತೆ ಸಂಸಾರ ಮಾಡುತ್ತವೆ. ಇದು ಮಾಮಾನ ವಾದ. "ಇಲ್ಲದ್ದು ಕೊಟ್ರ ಆಯೇರ. ಇದ್ದದ್ದ ಕೊಟ್ರ ಅದು ಸಾಮಾನು" ಎನ್ನುತ್ತಿದ್ದ. ಏನು ಇಲ್ಲ ಅಂತ ಗೊತ್ತಾಗಬೇಕಾದರೆ ಮನೆಯನ್ನು ಮೂಲೆ ಮೂಲೆ ನೋಡಬೇಕಲ್ಲ? ಅದಕ್ಕೇ ಮದುವೆಗೆ ವಾರ ಮುಂಚೆಯೇ ಹೊರಟುಬಿಡುತ್ತಿದ್ದ. ಮಾಮಿ ಬುತ್ತಿ ಕಟ್ಟಿಕೊಡುತ್ತ ಪ್ರತಿ ಸಲವೂ ಒಂದೇ ಮಾತು ಕೇಳುತ್ತಿದ್ದಳು: "ಆಯೇರ ಮಾಡಾಕ ಹೊಂಟೀರೋ, ಪಂಚನಾಮಿ ಮಾಡಾಕ ಹೊಂಟೀರೋ?"

ಬೆಳ್ಳಟ್ಟಿಯ ಕತೆ ಕೇಳಿ. ಅಲ್ಲಿ ನಮ್ಮ ದೂರದ ನೆಂಟರು, ದೊಡ್ಡ ಜಮೀನು, ದೊಡ್ಡ ಮನೆ. ಅಟ್ಟದ ಮೇಲೆ ತಾಮ್ರದ ಹಂಡೆಗಳು ಒಂದರೊಳಗೊಂದು ಕೂತಿದ್ದವು. ಹಿರಿಯ ಮಗನ ಮದುವೆಗೆ ಏನು ಕೊಡುವುದೆಂದು ಮಾಮಾ ಅಲ್ಲಿ ಠಾಣೆ ಹೂಡಿದ. ಮರುದಿನ ಬೆಳಗ್ಗೆ ಅವನಿಗೊಂದು ವಿಚಿತ್ರ ಕಂಡಿತು. ಆ ಮನೆಯವರೆಲ್ಲ ಜಳಕ ಮಾಡುವಾಗ ಹಾಡುತ್ತಿದ್ದರು! ಅಜ್ಜ ಭಜನೆಯ ಪದ, ಯಜಮಾನ ಲಾವಣಿ, ಸಣ್ಣವರು ಎರಡರ ಮಗ್ಗಿ. ಎಂಥ ರಸಿಕ ಮನೆತನ ಎಂದು ಬೇರೆ ಯಾರಾದರೂ ತಲೆದೂಗುತ್ತಿದ್ದರು. ಮಾಮಾ ಹೋಗಿ ಬಚ್ಚಲಮನೆಯ ಬಾಗಿಲು ನೋಡಿದ. ಅದಕ್ಕೆ ಚಿಲಕವೇ ಇರಲಿಲ್ಲ. ಒಳಗೆ ಜನ ಇದ್ದಾರೆ ಅಂತ ತಿಳಿಸಲು ಹಾಡು! ಮದುವೆಯ ದಿನ ಆಯೇರ ಕೂಗುವವನು ಮಾಮಾ ಹೇಳಿದ್ದನ್ನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಆಮೇಲೆ ಕಣ್ಣು ಮುಚ್ಚಿ ಕೂಗಿಬಿಟ್ಟ: "ಬೆಟಗೇರಿಯವರಿಂದ ಬಚ್ಚಲಮನಿ ಬಾಗಲಕ್ಕ ಒಂದು ಕಬ್ಬಿಣದ ಚಿಲಕ!" ಹಂದರವೆಲ್ಲ ಬಿದ್ದು ಬಿದ್ದು ನಕ್ಕಿತು. ಮನೆಯವರು ವರ್ಷವಿಡೀ ಮಾಮಾನ ಜೊತೆ ಮಾತು ಬಿಟ್ಟರು. ಆದರೆ ಹೊಸ ಸೊಸೆ ಮಾತ್ರ ಎಲ್ಲಿ ಸಿಕ್ಕರೂ ಅವನ ಕಾಲಿಗೆ ಬೀಳುತ್ತಿದ್ದಳು. ಪಾಪ, ಆಕೆಗೆ ಹಾಡಲು ಬರುತ್ತಿರಲಿಲ್ಲ.

ಲಕ್ಷ್ಮೇಶ್ವರದ್ದು ಇದಕ್ಕಿಂತ ಹಳೆಯ ಕತೆ, ಸ್ವಾತಂತ್ರ್ಯಕ್ಕೆ ಸ್ವಲ್ಪ ಮುಂಚಿನದು. ಆಗ ಗದಗು ಮುಂಬಯಿ ಸರ್ಕಾರದ್ದು, ಲಕ್ಷ್ಮೇಶ್ವರ ಸಂಸ್ಥಾನದ್ದು. ನಡುವೆ ಸುಂಕದ ನಾಕೆ. ಅಲ್ಲಿಯ ಕಾಳಿನ ವ್ಯಾಪಾರಿಯ ಮನೆಯಲ್ಲಿ ಬೆಳ್ಳಿ ಸಾಮಾನಿನಿಂದ ಹಿಡಿದು ಎಲ್ಲ ಇತ್ತು, ಜೊತೆಗೆ ಇಲಿಗಳೂ ಇದ್ದವು. ಮಾಮಾ ಒಂದು ಹೆಣ್ಣು ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೊರಟ. ನಾಕೆಯವನು ಬುಟ್ಟಿ ತಡೆದು ಏನಿದೆ ಎಂದ. ಬೆಕ್ಕು ಎಂದ ಮಾಮಾ. ನಾಕೆಯವನಿಗೆ ಸಂಕಟ ಹತ್ತಿತು. ಕುರಿಗೆ ಸುಂಕವಿದೆ, ಎಮ್ಮೆಗಿದೆ, ಕುದುರೆಗಿದೆ, ಬೆಕ್ಕಿಗೆ ಎಷ್ಟು ಹಾಕುವುದು? ಮೇಲಿನವರನ್ನು ಕೇಳುತ್ತೇನೆ ಕುಳಿತುಕೊಳ್ಳಿ ಎಂದ. ಈ ವಿಚಾರ ನಡೆದಿರುವಾಗಲೇ ಬೆಕ್ಕು ಬುಟ್ಟಿಯಿಂದ ಹಾರಿ, ಸುಂಕ ಕೊಡದೆ ಸಂಸ್ಥಾನದೊಳಗೆ ಓಡಿಹೋಯಿತು. ಮಾಮಾ ಬರಿಗೈಯಲ್ಲಿ ಹಂದರಕ್ಕೆ ಬಂದು, ತನ್ನ ಆಯೇರ ಹಾದಿಯಲ್ಲಿದೆ, ತಾನಾಗಿಯೇ ಬರುತ್ತದೆ ಎಂದು ಕೂಗಿಸಿದ. ಮುಂದೆ ಸಂಸ್ಥಾನಗಳು ವಿಲೀನವಾಗಿ ನಾಕೆ ಎದ್ದುಹೋದಾಗ ಊರೆಲ್ಲ ಪೇಢೆ ಹಂಚಿತು. ಮಾಮಾನೂ ಹಂಚಿದ. ದೇಶದ ಬೆಕ್ಕುಗಳಿಗೆ ಇನ್ನು ತೊಂದರೆಯಿಲ್ಲ ಎಂಬುದು ಅವನ ಸಂತೋಷ!

ಇನ್ನು ಶಿರಹಟ್ಟಿಯ ವಕೀಲರ ಮನೆಯಲ್ಲಿ ಅವನು ಮಾಡಿದ್ದನ್ನು ಆಯೇರ ಎನ್ನಬೇಕೋ ಕಳವು ಎನ್ನಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಆ ಮನೆಯಲ್ಲಿ ಗೋಡೆ ಗಡಿಯಾರಗಳು ಬಹಳ. ಒಂದು ಕಚೇರಿಯ ವೇಳೆಗೆ ನಡೆಯುತ್ತಿತ್ತು, ಒಂದು ಗದಗಿನ ರೈಲಿನ ವೇಳೆಗೆ, ಮತ್ತೊಂದು ವಕೀಲರ ಸಿಟ್ಟಿನ ವೇಳೆಗೆ. ಊಟಕ್ಕೆ ತಡವಾಯಿತೋ ಇಲ್ಲವೋ ಎಂಬುದರ ಮೇಲೆ ದಿನಾ ಜಗಳ. ಮಾಮಾ ಏನನ್ನೂ ಕೊಡಲಿಲ್ಲ. ಒಂದನ್ನು ಬಿಟ್ಟು ಮಿಕ್ಕ ಗಡಿಯಾರಗಳನ್ನೆಲ್ಲ ಇಳಿಸಿ, ಚೀಲಕ್ಕೆ ತುಂಬಿ ಹೊತ್ತುಕೊಂಡು ಬಂದ. ಕಡಿಮೆ ಮಾಡಿದ್ದೇ ತನ್ನ ಆಯೇರ ಎಂದ. ಅವನ್ನು ತಂದು ನಮ್ಮ ಮನೆಯಲ್ಲಿ ತೂಗುಹಾಕಿದ ಮೇಲೆ ನಮ್ಮಲ್ಲಿ ಜಗಳ ಶುರುವಾಯಿತು, ಅದು ಬೇರೆ ಮಾತು.

ಹೀಗಿರಲಾಗಿ ನನ್ನ ಮದುವೆ ನಿಶ್ಚಯವಾಯಿತು. ಕನ್ನಡ ನಾಡೆಲ್ಲ ಒಂದಾಗುವುದು ಖಂಡಿತ ಎಂದು ಕಟ್ಟೆಕಟ್ಟೆಗೂ ಮಾತು ನಡೆಯುತ್ತಿದ್ದ ವರ್ಷ ಅದು. ನನಗೆ ಆಗಲೇ ಮೂವತ್ತರ ಹತ್ತಿರ. ಆ ಕಾಲದಲ್ಲಿ ಹೆಣ್ಣಿಗೆ ಅಷ್ಟು ವಯಸ್ಸೆಂದರೆ ಜನ ಮುಖ ನೋಡದೆ ಅಯ್ಯೋ ಅನ್ನುತ್ತಿದ್ದರು. ವರ ಮುಂಡರಗಿಯವರು, ಕಿರಾಣಿ ಮತ್ತು ಕಾಳಿನ ಅಂಗಡಿ. ಮೊದಲ ಹೆಂಡತಿ ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮನೆಯಲ್ಲಿ ತಾಯಿ ಮತ್ತು ಮಗ, ಇಬ್ಬರೇ. ನನ್ನನ್ನು ನೋಡಲು ಬಂದಾಗ ಅವರು ಹೆಚ್ಚು ಮಾತಾಡಲಿಲ್ಲ. ಶಾಲೆ ಬಿಡಬೇಕೆಂದಿಲ್ಲ, ಮುಂಡರಗಿಯಲ್ಲೂ ಶಾಲೆಯಿದೆ ಎಂದರು. ಆ ಒಂದು ಮಾತಿಗೆ ನಾನು ಒಪ್ಪಿಬಿಟ್ಟೆ.

ಅವ್ವ ಮತ್ತು ಮಾಮಿ ಮನೆ ನೋಡಲು ಹೋಗಿ ಬಂದರು. ಅವ್ವನ ಸಂಭ್ರಮ ಹೇಳತೀರದು. ಗೋಡೆಯ ನಾಗೊಂದಿಗೆ ಹಲಗೆಯ ತುಂಬ ಪಾತ್ರೆ, ಬಂಗಾರದ ಹಾಗೆ ಹೊಳೆಯುತ್ತಿವೆ, ಇಟ್ಟದ್ದು ಇಟ್ಟಲ್ಲೇ ಇದೆ, ಒಂದೊಂದರ ಮೇಲೂ ಗಂಗವ್ವ ಅಂತ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಸಿದ್ದಾರೆ ಎಂದಳು. ಗಂಗವ್ವ ಅಂದರೆ ತೀರಿಕೊಂಡ ಸೊಸೆ. ಅತ್ತೆ ಅವಳು ಹೋದ ಮೇಲೆ ಒಂದು ಸೌಟನ್ನೂ ಜಾಗ ಬದಲಿಸಿಲ್ಲವಂತೆ. ಅವ್ವ ಇದನ್ನು ಹೊಗಳಿಕೆಯಾಗಿ ಹೇಳಿದಳು. ನನಗೆ ಮಾತ್ರ ಅದು ಹೊಗಳಿಕೆಯಾಗಿ ಕೇಳಲಿಲ್ಲ. ನೀರು ಕುಡಿಯುವ ತಂಬಿಗೆಯ ಮೇಲೆ ಅವಳ ಹೆಸರು, ಉಣ್ಣುವ ಗಂಗಾಳದ ಮೇಲೆ ಅವಳ ಹೆಸರು. ಆ ಮನೆಯಲ್ಲಿ ನಾನು ಯಾರು? ಜೀವಮಾನವಿಡೀ ಬೇರೆಯವರ ಮನೆಗೆ ಬಂದ ಅತಿಥಿಯ ಹಾಗೆ, ಕೇಳಿ ಕೇಳಿ ಸೌಟು ಮುಟ್ಟುತ್ತ ಬದುಕಬೇಕೇ? ಇದನ್ನು ಯಾರ ಮುಂದೆ ಹೇಳುವುದು? ಮೂವತ್ತಕ್ಕೆ ಗಂಡು ಸಿಕ್ಕಿದ್ದೇ ದೊಡ್ಡದು ಅನ್ನುವವರೇ ಸುತ್ತಲೂ ಇದ್ದರು. ಮಾಮಾ ಒಬ್ಬನ ಮುಂದೆ ಹೇಳಿದೆ. ಅವನು ಎಲೆ ಅಡಿಕೆ ಹಾಕಿಕೊಳ್ಳುತ್ತ ಹೂಂ ಎಂದ, ಅಷ್ಟೇ.

ಇತ್ತ ನೆಂಟರಿಗೆಲ್ಲ ದೊಡ್ಡ ಪೇಚು. ಏನು ಕೊಡುವುದು ಈ ಜೋಡಿಗೆ? ವರನ ಮನೆ ತುಂಬಿದೆ. ನನಗೂ ದುಡಿಯುವ ಕೈಯಿತ್ತಾದ್ದರಿಂದ ವರ್ಷಕ್ಕೊಂದರಂತೆ ನಾನೇ ಒಂದಿಷ್ಟು ಸಾಮಾನು ಕೂಡಿಸಿದ್ದೆ. ಶಾಲೆಯ ಅಕ್ಕೋರುಗಳು ಗಡಿಯಾರ ಅಂದರು, ವರನ ಮನೆಯಲ್ಲಿದೆ. ಛತ್ರಿ ಅಂದರು, ನನ್ನಲ್ಲಿದೆ. ಕೊನೆಗೆ ಎಲ್ಲರೂ ಬಂದು ಮಾಮಾನನ್ನೇ ಕೇಳತೊಡಗಿದರು. ಯಾರ ಆಯೇರಕ್ಕೆ ಹಂದರ ನಗುತ್ತಿತ್ತೋ ಅವನ ಪಡಸಾಲೆಯಲ್ಲಿ ಸಲಹೆ ಕೇಳುವವರ ಸಾಲು! ಅವನು ಬೆಲ್ಲ ಕೊಡಿ, ಶೇಂಗಾ ಕೊಡಿ, ತಿಂದು ಮುಗಿಯುವಂಥದ್ದು ಕೊಡಿ ಎಂದು ಎಲ್ಲರನ್ನೂ ಸಾಗಹಾಕಿದ. ಆಮೇಲೆ ತಾನು ಮುಂಡರಗಿ ಬಸ್ಸು ಹತ್ತಲು ಸಿದ್ಧನಾದ.

ನನಗೆ ಜೀವ ಹಾರಿತು. ಈತ ಹೋಗಿ ಆ ಮನೆಯ ಬಚ್ಚಲು ಇಣುಕಿ, ಅಟ್ಟ ಹತ್ತಿ, ಬೀಗರಿಗೆ ಸಿಟ್ಟು ಬರಿಸಿದರೆ ಮದುವೆಯ ಗತಿಯೇನು?

"ಮಾಮಾ, ನಿನ್ನ ಕಾಲಿಗೆ ಬೀಳ್ತೀನಿ. ನನಗ ಎಲ್ಲಾರ ಹಂಗ ಒಂದು ಕೊಡಾ ಕೊಟ್ಟುಬಿಡು" ಎಂದೆ.

"ಕೊಟ್ರ ಎಲ್ಲಿ ಇಡ್ತೀಯವ್ವಾ? ಆ ಮನ್ಯಾಗ ನಿನಗ ಜಾಗಾ ಇಲ್ಲಂತ ನೀನ ಹೇಳಿದಿ" ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಹೋದ.

ಹತ್ತಿಯ ವ್ಯವಹಾರದ ನೆವ ಹೇಳಿ ಅಲ್ಲಿ ತಂಗಿದನಂತೆ. ಆ ದಿನಗಳಲ್ಲಿ ಮುಂಡರಗಿಯಿಂದ ಬಂದವರೆಲ್ಲ ಒಂದೊಂದು ಸುದ್ದಿ ತರುತ್ತಿದ್ದರು. ಮಾಮಾ ನಾಗೊಂದಿಗೆಯ ಕೆಳಗೆ ಕಂಬಳಿ ಹಾಸಿ ಮಲಗುತ್ತಾನಂತೆ. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆದು ಮೂಸುತ್ತಾನಂತೆ. ಅತ್ತೆ ರೊಟ್ಟಿ ಬಡಿಯುವಾಗ ಎದುರಿಗೆ ಕುಳಿತು ಸುಮ್ಮನೆ ನೋಡುತ್ತಾನಂತೆ. ಕೊನೆಗೆ ಅತ್ತೆಯೇ ಯಾರ ಕೈಯಲ್ಲೋ ಹೇಳಿಕಳಿಸಿದರು, ನಿಮ್ಮ ಅಣ್ಣಗ ಅಲ್ಲಿ ಮನಿ ಐತೋ ಇಲ್ಲೋ ಅಂತ. ಅವ್ವ ತಲೆಯ ಮೇಲೆ ಕೈ ಹೊತ್ತು ಕುಳಿತಳು. ಮದುವೆ ಮುರಿದೇ ಹೋಯಿತೆಂದು ನಾನೂ ತಿಳಿದೆ. ಆಮೇಲೊಂದು ಸಂತೆಯ ಮರುದಿನ, ಇದ್ದಕ್ಕಿದ್ದಂತೆ ಮಾಮಾ ಊರಿಗೆ ಬಂದುಬಿಟ್ಟ. ಏನು ನೋಡಿದೆ ಅಂದರೆ ಬಾಯಿ ಬಿಡಲಿಲ್ಲ. ನಗಲೂ ಇಲ್ಲ. ಅದು ಇನ್ನೂ ಹೆದರಿಕೆಯ ಮಾತು.

ಬೆಟಗೇರಿಯಲ್ಲಿ ನಮ್ಮ ಮನೆಯ ಮುಂದೆಯೇ ಹಂದರ. ಮದುವೆಯ ಹಿಂದಿನ ದಿನವೇ ಮಾಮಾ ನಾಪತ್ತೆ! ಸೋದರಮಾವನಿಲ್ಲದೆ ಮದಿಮಗಳನ್ನು ಯಾರು ಕರೆತರಬೇಕು? ದೂರದ ಇನ್ನೊಬ್ಬ ಮಾವ ಕೈಹಿಡಿದು ತಂದ. ಅಕ್ಕಿಕಾಳು ಬಿತ್ತು. ಆಯೇರ ಶುರುವಾಯಿತು. ಬೆಲ್ಲ, ಶೇಂಗಾ, ಬೆಲ್ಲ. ಜನ ಮಾತ್ರ ಏಳಲೊಲ್ಲರು. ಬೆಟಗೇರಿಯವನ ಆಯೇರ ಕೇಳದೆ ಊಟಕ್ಕೆ ಹೋಗುವುದುಂಟೇ? ಆಗ ಹಂದರದ ಬಾಗಿಲಲ್ಲಿ ಒಂದು ಚಕ್ಕಡಿ ನಿಂತಿತು. ಮಾಮಾ ಇಳಿದ. ಅವನ ಹಿಂದೆ ವಯಸ್ಸಾದ ಗಂಡ ಹೆಂಡತಿ ಇಳಿದರು. ರುಮಾಲು ಸುತ್ತಿದ ರೈತ, ಹಣೆಯ ತುಂಬ ಕುಂಕುಮದ ತಾಯಿ, ಕೈಯಲ್ಲಿ ಒಂದು ಗಂಟು. ನನಗೆ ಅವರ ಗುರುತಿಲ್ಲ. ಆದರೆ ಪಕ್ಕದಲ್ಲಿ ಕುಳಿತಿದ್ದ ನನ್ನ ಗಂಡ ಬಾಸಿಂಗ ಕಟ್ಟಿಕೊಂಡಿದ್ದವರು ಹಾಗೆಯೇ ಎದ್ದು ನಿಂತುಬಿಟ್ಟರು. ಅತ್ತೆ ಸೆರಗು ಬಾಯಿಗಿಟ್ಟು ಅಳುತ್ತ ಆ ತಾಯಿಯ ಕಡೆಗೆ ಓಡಿದರು.

ಅವರು ಮುಂಡರಗಿ ಹತ್ತಿರದ ಡೋಣಿ ಊರಿನವರು. ಗಂಗವ್ವನ ಅಪ್ಪ, ಅವ್ವ.

ಮಗಳು ಹೋದ ಮೇಲೆ ಆ ಇಬ್ಬರೂ ಮುಂಡರಗಿಯ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಯಾವ ಮುಖ ಹೊತ್ತು ಹೋಗುವುದು ಎಂದು ಅವರು, ಯಾವ ಬಾಯಿಂದ ಕರೆಯುವುದು ಎಂದು ಇವರು. ಅದರಲ್ಲೂ ಅಳಿಯನ ಎರಡನೆಯ ಮದುವೆಗೆ ಸತ್ತ ಮಗಳ ಹೆತ್ತವರನ್ನು ಯಾರಾದರೂ ಕರೆಯುತ್ತಾರೆಯೇ? ಆಯೇರ ಕೂಗುವವನು ಮಾಮಾನ ಹತ್ತಿರ ಬಂದು ಕಿವಿಗೊಟ್ಟ. ಮಾಮಾ ಹೇಳಿದ. ಆತ ಎಂದಿನಂತೆ ಎದೆ ಉಬ್ಬಿಸಿ ಕೂಗಲಿಲ್ಲ, ಸಾವಕಾಶ ಹೇಳಿದ: "ಸೋದರಮಾವನವರಿಂದ ಮದಿಮಗಳಿಗೆ ಡೋಣಿಯೊಳಗ ಒಂದು ತವರುಮನಿ."

ಹಂದರದಲ್ಲಿ ಒಬ್ಬರೂ ನಗಲಿಲ್ಲ.

ಆ ತಾಯಿ ಮಂಟಪಕ್ಕೆ ಬಂದಳು. ಗಂಟು ಬಿಚ್ಚಿ ಕುಪ್ಪಸದ ಕಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಕ್ಕಿ ತೆಗೆದು ನನ್ನ ಉಡಿ ತುಂಬಿದಳು. ನನ್ನ ಗಲ್ಲ ಹಿಡಿದು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ಆ ಪಾತ್ರಿ ಎಲ್ಲಾ ನಾವ ಕೊಟ್ಟದ್ದವ್ವಾ. ಹೆಸರು ನೋಡಿ ಅಂಜಬ್ಯಾಡ. ತಿಕ್ಕು, ಬಳಸು. ಸುಮ್ನ ಇಟ್ರ ಕಿಲುಬು ಹತ್ತತೈತಿ."

ನಾನು ಅವಳ ಕಾಲು ಮುಟ್ಟಲು ಬಗ್ಗಿದವಳು ಏಳಲಾರದೆ ಅಲ್ಲಿಯೇ ಅತ್ತುಬಿಟ್ಟೆ. ಅತ್ತೆ ಬಂದು ನನ್ನನ್ನು ಎಬ್ಬಿಸಿದರು.

ಮಾಮಾನಿಗೆ ಇದು ಹೇಗೆ ಹೊಳೆಯಿತು? ಬಹಳ ದಿನದ ಮೇಲೆ ಮಾಮಿಯ ಬಾಯಿಂದ ತಿಳಿಯಿತು. ಮುಂಡರಗಿಯಲ್ಲಿ ಸಂತೆಯ ದಿನ ನನ್ನ ಅತ್ತೆ ರೊಟ್ಟಿ ಹೆಚ್ಚಿಗೆ ಬಡಿದು, ಬದನೆಕಾಯಿ ಪಲ್ಯ ಹೆಚ್ಚಿಗೆ ಮಾಡಿ ಮುಚ್ಚಿಟ್ಟು, ಕಟ್ಟೆಯ ಮೇಲೆ ಕುಳಿತು ಬೀದಿ ನೋಡುತ್ತಿದ್ದರಂತೆ. ಯಾರೂ ಬರಲಿಲ್ಲ. ಸಂಜೆ ಆ ರೊಟ್ಟಿಯನ್ನು ದನಕ್ಕೆ ಹಾಕಿದರಂತೆ. ಮಾಮಾ ಕಾರಣ ಕೇಳಿದ. ಮುಂಚೆ ಡೋಣಿಯವರು ಸಂತೆಗೆ ಬಂದಾಗ ಇಲ್ಲೇ ಉಂಡು ಹೋಗುತ್ತಿದ್ದರು, ಕೈಗೆ ರೂಢಿಯಾಗಿದೆ ಎಂದರಂತೆ ಅತ್ತೆ. ಎಲ್ಲ ಇದ್ದ ಮನೆಯಲ್ಲಿ ಏನು ಇಲ್ಲ ಅಂತ ಅವನಿಗೆ ಸಿಕ್ಕಿಬಿಟ್ಟಿತು. ಡೋಣಿಗೆ ಹೋಗಿ ಆ ಅಪ್ಪನ ಮುಂದೆ ಕುಳಿತ. ಆ ಹಿರಿಯ ಒಲ್ಲೆ ಎಂದು ತಲೆ ಅಲ್ಲಾಡಿಸಿದನಂತೆ. ಆಗ ಮಾಮಾ ಹೇಳಿದ್ದಿಷ್ಟು: "ಎಲ್ಲಿಂದೆಲ್ಲಿಯ ನಾಡು ಒಂದಾಗಾಕತ್ತೈತಿ. ಚಕ್ಕಡಿ ಹೋಗೂವಷ್ಟು ದೂರದಾಗ ಇರೂ ಎರಡು ಮನಿ ಕೂಡಬಾರದೇನ್ರಿ? ನನ್ನ ಹುಡಿಗಿಗೂ ಅಪ್ಪ ಇಲ್ಲ."

ನಾನು ಮುಂಡರಗಿಯ ಮನೆ ಸೇರಿದ ಮರುದಿನವೇ ಅತ್ತೆ ನಾಗೊಂದಿಗೆಯ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ, ನಿನಗೆ ಹೇಗೆ ಅನುಕೂಲವೋ ಹಾಗೆ ಇಟ್ಟುಕೊ ಎಂದರು. ಸಂತೆಯ ದಿನ ಬಡಿದ ರೊಟ್ಟಿಗೆ ಉಣ್ಣುವವರು ಬಂದರು. ಊಟವಾದ ಮೇಲೆ ಅತ್ತೆ ಮತ್ತು ಆ ತಾಯಿ ಎಲೆ ಅಡಿಕೆ ಹಾಕಿಕೊಂಡು ನನ್ನ ಅಡುಗೆಯ ತಪ್ಪುಗಳನ್ನು ಜೋಡಿಯಾಗಿ ಎಣಿಸುವಷ್ಟು ಸಲಿಗೆ ಬೆಳೆಯಿತು! ಇದಕ್ಕೆಲ್ಲ ಕಾರಣನಾದ ಮನುಷ್ಯನಿಗೆ ನಾನು ಎಷ್ಟು ಸಲ ಕೈಮುಗಿದರೂ ಸಾಲದು. ಒಮ್ಮೆ ಹಾಗೆ ಹೇಳಿಯೂ ಹೇಳಿದೆ. ಅವನು ನಮ್ಮ ಹಿತ್ತಿಲು ನೋಡಲು ಎದ್ದುಹೋದ.

ಶ್ರಾವಣ ಬಂತು. ಮೊದಲನೆಯ ಪಂಚಮಿಗೆ ಹೆಣ್ಣು ತವರಿಗೆ ಹೋಗಬೇಕು. ಈ ಸಲ ಡೋಣಿಗೆ ಹೋಗು, ನಾವೆಲ್ಲಿ ಓಡಿಹೋಗುತ್ತೇವೆ ಎಂದು ಮಾಮಾ ಹೇಳಿಕಳಿಸಿದ್ದ. ಡೋಣಿಯಿಂದ ಚಕ್ಕಡಿ ಬಂತು. ಅಲ್ಲಿ ನನಗೆ ತಲೆಗೆ ಎಣ್ಣೆ ಹಚ್ಚಿ ಎರೆದರು, ಎಳ್ಳಿನ ಉಂಡಿ ಶೇಂಗಾದ ಉಂಡಿ ಕಟ್ಟಿಕೊಟ್ಟರು, ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಮೂವತ್ತರ ಅಕ್ಕೋರು ಹುಡುಗಿಯರ ಜೊತೆ ಜೀಕಿದ್ದೇ ಜೀಕಿದ್ದು.

ಹೊತ್ತು ಮುಳುಗುವಾಗ ನಾನು ಪಡಸಾಲೆಯಲ್ಲಿ ಕೂದಲು ಬಿಡಿಸಿಕೊಳ್ಳುತ್ತ ಕುಳಿತಿದ್ದೆ. ಒಳಗೆ ಆ ತಾಯಿ ರೊಟ್ಟಿ ಬಡಿಯುತ್ತಿದ್ದಳು. ಅಲ್ಲಿಂದಲೇ ಕೂಗಿದಳು: "ಗಂಗಾ, ದೀಪ ಹಚ್ಚವ್ವಾ."

ಕೂಗಿದ ಮೇಲೆ ಅವಳಿಗೆ ನೆನಪಾಯಿತು. ರೊಟ್ಟಿಯ ಸದ್ದು ನಿಂತಿತು.

"ಹಚ್ಚತೀನಿ, ಅವ್ವಾ" ಎಂದೆ.

ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಿ, ಬತ್ತಿ ಹೊಸೆದು, ಕಡ್ಡಿ ಗೀರಿದೆ. ದೀಪ ಹತ್ತಿದ ಮೇಲೆ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಮತ್ತೆ ಕೇಳತೊಡಗಿತು.